ಕಂಪ್ಯೂಟರಿಗೆ ಧಿಕ್ಕಾರ, ಮಗಳಿಗೆ ಸಾಲ

ಬ್ಯಾಂಕಿನಲ್ಲಿ ಕೆಲಸ ಮಾಡುವವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆದು ಕೂತರೆ ಸಾಕು, ಅದೇ ಒಳಗೆ ಬಂದು ಎದುರಿನ ಕುರ್ಚಿಯಲ್ಲಿ ಕೂಡುತ್ತದೆ. ಎಂಬತ್ತರ ದಶಕದಲ್ಲಿ ನಾನು ಇಳಕಲ್ಲಿನ ಶಾಖೆಯಲ್ಲಿ ಸಾಲದ ಟೇಬಲ್ ನೋಡಿಕೊಳ್ಳುತ್ತಿದ್ದೆ. ಮಗ್ಗಕ್ಕೆ, ಎಮ್ಮೆಗೆ, ಪಂಪ್‌ಸೆಟ್ಟಿಗೆ ಕೊಟ್ಟ ಸಾಲಗಳೆಲ್ಲ ಮರೆತುಹೋಗಿವೆ. ಇದೊಂದು ಮಾತ್ರ ಹೋಗಿಲ್ಲ.

೧. ಊಟಕ್ಕೆ ಮೊದಲು, ಊಟ ಆದ ಮೇಲೆ

ನಮ್ಮ ಹೆಡ್ ಕ್ಯಾಶಿಯರರು ನೌಕರರ ಸಂಘದ ಮುಖಂಡರೂ ಆಗಿದ್ದರು. ಬ್ಯಾಂಕಿಗೆ ಕಂಪ್ಯೂಟರ್ ಬರುತ್ತದಂತೆ, ಬಂದರೆ ನಮ್ಮ ನೌಕರಿ ಹೋಗುತ್ತದಂತೆ ಎಂದು ಎಲ್ಲರೂ ಗಾಬರಿಯಾಗಿದ್ದ ಕಾಲ. ಒಂದು ಮಧ್ಯಾಹ್ನ ಅವರು ಎದೆಗೆ ಕಪ್ಪು ಪಟ್ಟಿ ಸಿಕ್ಕಿಸಿಕೊಂಡು, ಬಾಗಿಲ ಮುಂದೆ ನಿಂತು ಗಂಟಲು ಹರಿಯುವಂತೆ ಕಂಪ್ಯೂಟರಿಗೆ ಧಿಕ್ಕಾರ ಕೂಗಿದರು. ಊಟ ಆದ ಮೇಲೆ ಸೀದಾ ನನ್ನ ಟೇಬಲ್ಲಿಗೆ ಬಂದು, ಆಚೀಚೆ ನೋಡಿ, ದನಿ ತಗ್ಗಿಸಿದರು.

"ಮಗಳಿಗೆ ಬಾಗಲಕೋಟ್ಯಾಗ ಇಂಜಿನಿಯರಿಂಗ್ ಸೀಟು ಸಿಕ್ಕೈತ್ರಿ. ಒಂದೀಟು ಸಾಲ ಬೇಕಾಗಿತ್ತು."

"ಭಾಳ ಛಲೋ ಆತಲ್ರಿ! ಯಾವುದ್ರಾಗ? ಸಿವಿಲ್ಲೋ, ಮೆಕ್ಯಾನಿಕಲ್ಲೋ?"

ಅವರು ಎದೆಯ ಕಪ್ಪು ಪಟ್ಟಿ ಬಿಚ್ಚಿ ಮೆಲ್ಲಗೆ ಜೇಬಿಗೆ ಇಳಿಸಿದರು.

"ಅದರೀ... ಈಗ ಹೊರಗ ಬೈದು ಬಂದ್ನಲ್ಲ, ಅದರಾಗ."

೨. ಎಮ್ಮೆಯ ಲೆಕ್ಕ

ನಮ್ಮ ಮ್ಯಾನೇಜರು ಮಂಗಳೂರು ಕಡೆಯವರು. ಸಾಲ ಅಂದರೆ ಅವರಿಗೆ ಕಣ್ಣಿಗೆ ಕಾಣುವ ವಸ್ತು ಬೇಕು. ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಅಪ್ಪನಿಗೆ ಹೇಳಿದರು: "ಎಮ್ಮೆಗೆ ಕೊಟ್ಟರೆ ನಾಳೆಯಿಂದಲೇ ಹಾಲು ಮಾರಾಯ್ರೆ. ಇದು ನಾಲ್ಕು ವರ್ಷ ಬರೀ ಮೇವು. ಆಮೇಲೆ ಹಾಲು ಉಂಟೋ ಇಲ್ಲವೋ, ಯಾರಿಗೆ ಗೊತ್ತು?"

ಕ್ಯಾಶಿಯರರು ಬಾಯಿ ತೆರೆಯುವ ಮೊದಲೇ ಹುಡುಗಿ ಅಂದಳು: "ಎಮ್ಮಿ ಹಾಲು ಬರಬರತ ಬತ್ತತೈತ್ರಿ ಸರ್. ನಂದು ವರ್ಷಾ ಇನ್‌ಕ್ರಿಮೆಂಟ್ ಬರತೈತಿ."

ಮ್ಯಾನೇಜರಿಗೆ ಮಾತು ಹಿಡಿಸಿತು. ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಏನೋ ನೆನಪಾಗಿ ನನ್ನ ಕಡೆ ಬಾಗಿದರು. "ಅಲ್ಲ, ಎಮ್ಮೆಗಾದರೆ ಗುರುತಿಗೆ ಕಿವಿಗೆ ಬಿಲ್ಲೆ ಹೊಡೆಯುತ್ತೇವೆ. ಇದಕ್ಕೆ ಏನು ಮಾಡುವುದು?"

ಹುಡುಗಿ ಎರಡೂ ಕಿವಿ ಮುಚ್ಚಿಕೊಂಡಳು.

೩. ಬರತೈತೋ, ಬರಂಗಿಲ್ಲೋ

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಓದಿದ ಮೇಲೆ ಕೆಲಸ ಸಿಗುತ್ತದೆಯೇ, ಸಿಕ್ಕರೆ ಸಂಬಳದಲ್ಲಿ ಸಾಲ ತೀರುತ್ತದೆಯೇ? ಮ್ಯಾನೇಜರು ಕ್ಯಾಶಿಯರರನ್ನೇ ಕೇಳಿದರು: "ನೀವೇ ಹೇಳಿ. ಕಂಪ್ಯೂಟರ್ ಬರ್ತದಾ, ಬರೋದಿಲ್ವಾ?"

ಕ್ಯಾಶಿಯರರು ಬಾಗಿಲ ಕಡೆ ನೋಡಿದರು. ಬರೋದಿಲ್ಲ ಅಂದರೆ ಮಗಳಿಗೆ ಕೆಲಸವಿಲ್ಲ, ಸಾಲವೂ ಇಲ್ಲ. ಬರುತ್ತದೆ ಅಂದರೆ ಸಂಘದವರಿಗೆ ಮುಖ ತೋರಿಸುವಂತಿಲ್ಲ. ಬಾಗಿಲಾಚೆ ಸಂಘದ ಇಬ್ಬರು ಕಿವಿಗೊಟ್ಟು ನಿಂತಿದ್ದರು ಬೇರೆ.

"ಬರತೈತ್ರಿ," ಅಂದರು. "ರೇಲ್ವೆಕ್ಕ ಬರತೈತಿ, ಕಾರ್ಖಾನಿಗೆ ಬರತೈತಿ, ಬಾಜೂಕಿನ ಬ್ಯಾಂಕಿಗೂ ಬರತೈತಿ. ನಮ್ಮ ಬ್ಯಾಂಕಿಗೆ ಅಷ್ಟ ಬರಾಕ ಬಿಡೂದಿಲ್ಲ!"

"ಸಂಬಳ?"

"ಒಂದು ಕಂಪ್ಯೂಟರ್ ಹತ್ತು ಮಂದಿ ನೌಕರಿ ತಿಂತೈತ್ರಿ. ಹತ್ತು ಮಂದಿ ಪಗಾರ ಉಳಿಸಿಕೊಟ್ಟಾಕಿಗೆ ಇಬ್ಬರ ಪಗಾರ ಆದ್ರೂ ಕೊಡೂದಿಲ್ಲೇನು?"

ಸಂಘದ ಭಾಷಣ ಕೇಳಿ ಸಾಲ ಮಂಜೂರು ಮಾಡಿದ ಮ್ಯಾನೇಜರು ದೇಶದಲ್ಲಿ ಇವರೊಬ್ಬರೇ ಇರಬೇಕು.

೪. ಬಾದಾಮಿಯಿಂದ ಬಂದವರು

ಹುಡುಗಿಯ ಓದು ಇನ್ನೂ ಮುಗಿದಿರಲಿಲ್ಲ, ಬಾದಾಮಿ ಕಡೆಯಿಂದ ಕನ್ಯಾ ನೋಡಲು ಬಂದರು. ನನ್ನನ್ನೂ ಕರೆದಿದ್ದರು. ಹುಡುಗನ ಅಪ್ಪ ಚೂಡಾ ತಿನ್ನುತ್ತ ಮೆಲ್ಲಗೆ ಶುರು ಮಾಡಿದ.

"ನೌಕರಿ ಹತ್ತಿದ್ರ ಪಗಾರ ಛಲೋ ಬರತೈತೇನ್ರಿ?"

"ನನಗಿಂತ ಜಾಸ್ತಿ ಬರತೈತಿ ಅಂತಾರ್ರಿ," ಕ್ಯಾಶಿಯರರು ಅಂದರು.

ಆತನ ಮುಖ ಅರಳಿತು. ಕೈ ಚೂಡಾದ ತಾಟಿಗೆ ಇನ್ನೊಮ್ಮೆ ಹೋಯಿತು. "ಮತ್ತ, ಸಾಲ ಐತಂತಲ್ರಿ?"

"ಖರೆ ಐತ್ರಿ."

"ಹಂಗಾರ ಹಿಂಗ ಮಾಡೂಣು. ಪಗಾರ ನಮ್ಮ ಮನ್ಯಾಗ ಇರಲಿ, ಸಾಲ ನಿಮ್ಮ ಮನ್ಯಾಗ ಇರಲಿ."

ಚಹಾ ತಂದ ಹುಡುಗಿ ತಾಟು ಹಿಡಿದು ಬಾಗಿಲಲ್ಲೇ ನಿಂತಳು. "ನಡಿತೈತ್ರಿ ಮಾವಾರ. ನಾ ಹಾಸ್ಟೆಲ್ಲಿನಾಗ ಇರ್ತೇನಿ."

ಚಹಾ ತುಂಬಿದ ಕಪ್ಪುಗಳು ಹಾಗೇ ಒಳಗೆ ಹೋದವು.

೫. ಪೆಟ್ಟಿಗೆ ಬಂತು

ಹುಡುಗಿ ಪಾಸಾದಳು. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಮಾರುವ ಒಂದು ಕಂಪನಿಯಲ್ಲಿ ಕೆಲಸವೂ ಸಿಕ್ಕಿತು. ಕಂತು ಪ್ರತಿ ತಿಂಗಳೂ ತಪ್ಪದೆ ಬರತೊಡಗಿತು. ಎಲ್ಲ ಸುರಳೀತ ಅನ್ನುವಷ್ಟರಲ್ಲಿ, ನಮ್ಮ ಶಾಖೆಗೇ ಒಂದು ಕಂಪ್ಯೂಟರ್ ಕಳಿಸುತ್ತೇವೆಂದು ಮೇಲಿನವರು ತಿಳಿಸಿದರು.

ಅದು ಬರುವ ದಿನ ಕ್ಯಾಶಿಯರರು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು. "ನನ್ನ ದಾಟಿ ಒಳಗ ಒಯ್ರಿ ನೋಡೂಣು!" ಹಿಂದೆ ಸಂಘದವರು. ಕ್ಯಾಶಿಯರರು ಏನು ಕೂಗಿದರೂ ಸಂಘದವರು ಮುಷ್ಟಿ ಎತ್ತಿ ಅದನ್ನೇ ಕೂಗುತ್ತಿದ್ದರು. ಜೀಪು ಬಂತು. ಅದರಿಂದ ಮೊದಲು ಇಳಿದದ್ದು ಪೆಟ್ಟಿಗೆಯಲ್ಲ, ಮಗಳು.

"ಯಪ್ಪಾ, ದಾರಿ ಬಿಡು."

"ನೀ ಯಾಕ ಬಂದಿ ಇಲ್ಲಿ?"

"ಇದನ್ನ ಜೋಡಿಸಾಕ. ಜೋಡಿಸದ ವಾಪಸ್ ಹೋದ್ರ ನನ್ನ ನೌಕರಿ ಹೋಗತೈತಿ."

ನೌಕರಿ ಹೋಗತೈತಿ ಎಂದು ಅವರು ವರ್ಷಗಟ್ಟಲೆ ಕೂಗಿದ್ದರು. ಈಗ ನಿಜವಾಗಿ ಹೋಗುವ ನೌಕರಿಯೊಂದು ಎದುರಿಗೇ ನಿಂತಿತ್ತು. ಮಗಳನ್ನು ನೋಡಿದರು, ಸಂಘದವರನ್ನು ನೋಡಿದರು. ಚಾಚಿದ ಕೈ ಅರ್ಧ ಇಳಿಯಿತು, ಮತ್ತೆ ಏರಿತು. ಅಷ್ಟರಲ್ಲಿ ಪೆಟ್ಟಿಗೆ ಹೊತ್ತ ಹಮಾಲ ಮೆಟ್ಟಿಲು ಎಡವಿದ. ಪೆಟ್ಟಿಗೆ ವಾಲಿತು. ಕ್ಯಾಶಿಯರರು ಹಾರಿ ಹೋಗಿ ಅದರ ಮೂಲೆಗೆ ಹೆಗಲು ಕೊಟ್ಟು, ಇದ್ದ ಗಂಟಲೆಲ್ಲ ಸೇರಿಸಿ ಕೂಗಿದರು:

"ಸಾವಕಾಶ! ಸಾವಕಾಶ!"

ಹಿಂದಿದ್ದ ಸಂಘದವರು ಒಟ್ಟಿಗೇ ಮುಷ್ಟಿ ಎತ್ತಿದರು.

"ಸಾವಕಾಶ! ಸಾವಕಾಶ!"