ಮಾರುತಿ ಫೋಟೋದ ಹಿಂದಿನ ಪಾಸ್‌ವರ್ಡ್

ಅಚ್ಚುಕಟ್ಟಾಗಿ ಇಟ್ಟದ್ದಕ್ಕೇ ವಿಘ್ನ ಬರುವುದು ನನ್ನ ಹಣೇಬರಹ. ಬ್ಯಾಡಗಿಯ ಒಂದು ಕನ್ನಡ ಸಾಲಿಯಲ್ಲಿ ಮಕ್ಕಳ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವ ನಾನು. ಅಮಾಸಿ ಮರುದಿನ ಹಾವೇರಿಯಿಂದ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅವರ ಮನಸ್ಸಿಗೆ ಬರದಿದ್ದರೆ ಕೋಣೆಗೆ ಬೀಗ, ನಾನು ಮನೆಗೆ.

೧. ಅಮಾಸಿ

ನಮ್ಮವು ಲಿನಕ್ಸ್ ಯಂತ್ರಗಳು. ಮಕ್ಕಳ ಗಣಿತದ್ದು, ಭೂಪಟದ್ದು, ಎಲ್ಲ ತಂತ್ರಾಂಶ ಮೂಲೆಯ ದೊಡ್ಡ ಯಂತ್ರದಲ್ಲಿ. ಉಳಿದ ಯಂತ್ರಗಳು ಅಲ್ಲಿಂದಲೇ ತೆಗೆದುಕೊಳ್ಳುತ್ತವೆ. ಆ ತಂತ್ರಾಂಶಗಳು ಲಗ್ನದ ಮನೆ ಮುಂದಿನ ಚಪ್ಪಲಿಯಂತೆ ಕಲಸಿಹೋಗಿದ್ದವು. ಒಂದೊಂದನ್ನೂ ಹೊಸದಾಗಿ ಅದರದೇ ಫೋಲ್ಡರಿಗೆ ಹಾಕಿದೆ. ಹೆಸರುಗಳನ್ನು ಮಾತ್ರ ಇನ್ನೊಂದು ಫೋಲ್ಡರಿನಲ್ಲಿ ಸಾಲಾಗಿ ಇಟ್ಟೆ. ಹೆಸರು ಒತ್ತಿದರೆ ಅಸಲಿನ ಕಡೆ ಕಳಿಸುತ್ತದೆ, ರಸ್ತೆಯ ಮೇಲಿನ ಊರ ಬೋರ್ಡಿನಂತೆ.

ಹಳೆಯ ಪ್ರತಿಗಳನ್ನು ಅಳಿಸಲು ಕೈ ಬರಲಿಲ್ಲ. ಹೆಡ್‌ಮಾಸ್ತರರೂ, "ಅಮಾಸಿ ದಿನ ಒಳಗಿಂದು ಹೊರಗ ಹಾಕಬಾರದ್ರಿ" ಅಂದರು. 'ಹಳೇದು' ಎಂಬ ಫೋಲ್ಡರಿನಲ್ಲಿ ಇಟ್ಟೆ.

ಅಮಾಸಿ ಒಂದೇ ದಿನ ಇರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ನೆನಪಿಟ್ಟವರು ಅವರೊಬ್ಬರೇ.

೨. ಪಾಡ್ಯ

ಮರುದಿನ ಹೆಡ್‌ಮಾಸ್ತರರು ದೊಡ್ಡ ಯಂತ್ರದ ಮುಂದೆ ಖುಷಿಯಲ್ಲಿ ಕೂತಿದ್ದರು. "ಒಂದ ಹೆಸರು ಎರಡೆರಡ ಕಡೆ ಇತ್ತಲ್ರಿ. ಭಾರದ್ದು ತಗದು ಹಗುರಂದು ಉಳಿಸೀನಿ. ಹಳೇದೂ ತಗದೆ. ಜಾಗ ಎಷ್ಟ ಉಳೀತು ನೋಡ್ರಿ!"

"ಇದರ ಪಾಸ್‌ವರ್ಡ್ ಎಲ್ಲಿ ಸಿಕ್ತ್ರೀ?"

"ಕದರಮಂಡಲಗಿ ಮಾರುತಿ ಫೋಟೋ ಒರಸಾಕ ಇಳಿಸಿದ್ದೆ. ಬೆನ್ನಿಗೆ ಅಂಟಿಸೀರಲ್ಲ."

ದೇವರ ಹಿಂದೆ ಇಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ ಎಂದು ನಂಬಿದ್ದೆ. ಭಕ್ತರ ನೆನಪಾಗಿರಲಿಲ್ಲ.

ಈ ವಿದ್ಯೆ ಕಲಿಸಿದ ರಾಣೆಬೆನ್ನೂರಿನ ರಿಪೇರಿ ಹುಡುಗನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವ ಅಂದ:

"ಕಾಕಾ, ಬೋರ್ಡ ಅದಾವು, ಊರ ಇಲ್ಲ. ಎಲ್ಲಾ ಮತ್ತ ಹಾಕಾಕ ಎಂಟ ದಿನಾ ಬೇಕ. ಸಾಹೇಬ್ರು ಯಾವಾಗ ಬರ್ತಾರ?"

"ಗೇಟಿನ್ಯಾಗ ಅದಾರಪಾ."

೩. ತಪಾಸಣೆ

ಹೋದ ವರ್ಷ ಎಲ್ಲ ನಡೆಯುತ್ತಿದ್ದಾಗ ಇದೇ ಸಾಹೇಬರು 'ಗೊಂದಲ' ಎಂದು ಬರೆದು ಹೋಗಿದ್ದರು. ಈಗ ಹೆಸರುಗಳ ಸಾಲಿನ ಮೇಲೆ ಬೆರಳಾಡಿಸಿದರು, ಒಂದನ್ನೂ ತೆರೆಯಲಿಲ್ಲ.

"ಇಷ್ಟ ಅಚ್ಚುಕಟ್ಟ ಎಲ್ಲೂ ನೋಡಿಲ್ರಿ."

ಮಾರುತಿ ಹೆಸರಲ್ಲಿ ಶನಿವಾರ ಒಪ್ಪತ್ತು ಮಾಡುವ ಬಾಯಿ ನನ್ನದು, ಸುಳ್ಳು ಹೊರಡಲಿಲ್ಲ. ಖರೇ ಹೇಳಿಬಿಟ್ಟೆ: "ಸಾಹೇಬ್ರ, ಇದರಾಗ ಏನೂ ಇಲ್ರಿ."

"ಅದನ್ನ ನಾನೂ ಹೇಳಾಕತ್ತೇನಿ. ಕಸಾನ ಇಲ್ಲ!" ಎನ್ನುತ್ತ 'ಕೋಣೆ ಮುಂದುವರಿಯಲಿ' ಎಂದು ಬರೆದರು. ಕೀಲಿಕೈ ನನ್ನ ಕೈಯಲ್ಲೇ ಉಳಿಯಿತು. ಒಳಗೆ ಏನೂ ಉಳಿದಿರಲಿಲ್ಲ.

ಹೋಗುವಾಗ ಸಾಹೇಬರು, "ಬ್ಯಾರೆ ಸಾಲಿಯವ್ರನ್ನೂ ಇದನ್ನ ನೋಡಾಕ ಕಳಸ್ತೇನಿ" ಅಂದರು.

ಹೆಡ್‌ಮಾಸ್ತರರು ಕೈಮುಗಿದರು. "ಅವರ್ಯಾಕ ತ್ರಾಸ ತಗೋಬೇಕ್ರಿ? ನಾನ ಒಂದೊಂದ ಸಾಲಿಗೆ ಹೋಗಿ, ಎಲ್ಲಾರ್ದೂ ಸ್ವಚ್ಛ ಮಾಡಿ ಬರ್ತೇನಿ!"