ಮನೆಯಲ್ಲೇ ಕಟ್ಟಿದ ಗುಂಡು

ಕೆಲವರಿಗೆ ಹವ್ಯಾಸದಿಂದ ಹೆಸರು ಬರುತ್ತೆ, ಕೆಲವರಿಗೆ ನೆಮ್ಮದಿ ಬರುತ್ತೆ. ನನಗೆ ಮಾತ್ರ ಮುಖ ಮುಚ್ಕೊಳ್ಳೋ ಪ್ರಸಂಗಗಳೇ ಬರ್ತವೆ. ಒಂದನ್ನ ಮರೆತೆ ಅನ್ನೋಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ತಟ್ಟುತ್ತೆ.

ನಾನು ಪರ್ತ್‌ನ ಕ್ಯಾನಿಂಗ್ ವೇಲ್ ಬಡಾವಣೆಯಲ್ಲಿರೋ ಭೂವಿಜ್ಞಾನಿ. ಎರಡು ವಾರ ಉತ್ತರದ ಗಣಿಯಲ್ಲಿ ಕೆಂಪು ಧೂಳು ಕುಡಿದು, ಒಂದು ವಾರ ಮನೆಗೆ ಬರ್ತೀನಿ. ಆ ಒಂದು ವಾರದಲ್ಲಿ ಪಿಸ್ತೂಲ್ ಕ್ಲಬ್ಬಿಗೆ ಹೋಗಿ ಕಾಗದದ ಗುರಿಗೆ ಹೊಡೆಯೋದು ನನ್ನ ಹವ್ಯಾಸ. ಲೈಸೆನ್ಸ್ ಇದೆ, ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಪೆಟ್ಟಿಗೆ ಇದೆ, ಕಿವಿ ಮುಚ್ಚೋದಕ್ಕೆ, ಕಣ್ಣಿಗೆ ಹಾಕೋದಕ್ಕೆ ಎಲ್ಲಾ ಇದೆ. ಇಲ್ಲದಿರೋದು ಗುರಿ ಒಂದೇ.

ಹೋಟೆಲ್ ಊಟ

ಕ್ಲಬ್ಬಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಬೆಳಗ್ಗೆ ನಮ್ಮಂಥವರಿಗೆ ಶೂಟಿಂಗ್ ಕಲಿಸ್ತಾರೆ, ಆರ್ವೋ ಹೊತ್ತಿಗೆ, ಅಂದರೆ ಮಧ್ಯಾಹ್ನದ ಮೇಲೆ, ಬಾರ್ಬಿ ಅನ್ನೋ ಒಲೆ ಮುಂದೆ ನಿಂತು ಸಾಸೇಜ್ ಸುಡ್ತಾರೆ. ಒಂದು ಭಾನುವಾರ ನಾನು ಅಂಗಡಿಯಿಂದ ತಂದ ಗುಂಡಿನ ಡಬ್ಬ ಬಿಚ್ಚೋದನ್ನ ನೋಡಿ, "ಮೇಟ್, ನೀನು ದಿನಾ ಹೋಟೆಲ್ ಊಟಾನಾ?" ಅಂದರು.

ನಾನು ಮೊಸರನ್ನದ ಡಬ್ಬಿ ತೋರಿಸಿದೆ. ಅವರು ತಲೆ ಚಚ್ಚಿಕೊಂಡು ವಿವರಿಸಿದರು. ಗುಂಡು ಹಾರಿದ ಮೇಲೆ ಒಂದು ಖಾಲಿ ಹಿತ್ತಾಳೆ ಕೇಸು ನೆಲಕ್ಕೆ ಬೀಳುತ್ತೆ. ಅದನ್ನ ಆರಿಸಿ, ತೊಳೆದು, ಮನೆಯಲ್ಲೇ ಹೊಸ ಮದ್ದು ಹಾಕಿ, ಹೊಸ ಗುಂಡು ಕೂರಿಸಿದರೆ ಮತ್ತೆ ಹೊಡೆಯಬಹುದು. ಕೈಗೆ, ಪಿಸ್ತೂಲಿಗೆ ಹೊಂದೋ ಹಾಗೆ ನಾವೇ ಮಾಡಿಕೊಂಡದ್ದು. ಅದು ಮನೆ ಅಡುಗೆ, ಅಂಗಡಿಯದು ಹೋಟೆಲ್.

ಮನೆ ಅಡುಗೆ ಅಂದರೆ ಸಾಕು, ಮೈಸೂರಿನವನು ನಾನು, ಕರಗಿ ಹೋದೆ. ಅದುವರೆಗೆ ಗುರಿ ತಪ್ತಾ ಇದ್ದದ್ದು ನನ್ನ ಕೈಯಿಂದ ಅಲ್ಲ, ಹೋಟೆಲ್ ಊಟದಿಂದ ಅಂತ ಗೊತ್ತಾದ ಮೇಲಂತೂ ಮನಸ್ಸಿಗೆ ಎಷ್ಟು ಹಗುರ. ಬೇಕಾದ ಅನುಮತಿಯೆಲ್ಲ ಮಾಡಿಸಿ, ಗ್ಯಾರೇಜಿನ ಮೂಲೆಯಲ್ಲಿ ಒಂದು ಗಟ್ಟಿ ಬೆಂಚು ಹಾಕಿ, ಅದರ ಮೇಲೆ ಉದ್ದ ಹಿಡಿಯ ಪ್ರೆಸ್ಸು ಕೂರಿಸಿದೆ. ಹಿಡಿ ಎಳೆದರೆ ಗುಂಡು ಕೇಸಿನೊಳಗೆ ಕೂರುತ್ತೆ.

ಹೆಂಡತಿ ಬಾಗಿಲಿಗೆ ಒರಗಿ ಎಲ್ಲಾ ನೋಡಿದಳು. "ರೀ, ಮನೆ ಅಡುಗೆ, ಮನೆ ಅಡುಗೆ ಅಂತ ಕುಣೀತಿದೀರಲ್ಲ, ಹದಿನೆಂಟು ವರ್ಷದಲ್ಲಿ ಒಂದು ಒಗ್ಗರಣೆ ಹಾಕಿದ್ದು ಜ್ಞಾಪಕ ಇದೆಯಾ?"

ಠುಸ್

ನನ್ನ ಮೊದಲ ಮನೆ ಅಡುಗೆ ಬಡಿಸೋ ದಿನ ಬಂತು. ಹಿಂದಿನ ದಿನ ಬೆಂಚಿನಲ್ಲಿ ಕೂತು ಒಂದೊಂದೇ ಕೇಸಿಗೆ ಮದ್ದು ಹಾಕ್ತಿದ್ದೆ. ಮಧ್ಯೆ ಬ್ರಿಸ್ಬೇನಿನಿಂದ ಷಡ್ಡಕ ಫೋನ್ ಮಾಡಿದ. ಅವನು ಅಲ್ಲಿನ ಕ್ಯಾಲಮ್‌ವೇಲ್‌ನಲ್ಲಿ ಮನೆ ಕಟ್ಟಿಸ್ತಿದ್ದ. ಅಡುಗೆಮನೆ ಕಲ್ಲು ಯಾವುದು ಹಾಕಿಸಲಿ ಅಂತ ಕೇಳಿದ. ಕಲ್ಲಿನ ವಿಷಯ ಭೂವಿಜ್ಞಾನಿಯನ್ನ ಕೇಳಿದರೆ ಮುಗೀತು. ಭೂಮಿ ತಣ್ಣಗಾದ ಕಾಲದಿಂದ ಶುರು ಮಾಡಿದೆ. ಮಾತಾಡ್ತಾ ಮಾತಾಡ್ತಾ ಕೈ ತನ್ನ ಪಾಡಿಗೆ ಹಿಡಿ ಎಳೀತಾ ಇತ್ತು.

ಭಾನುವಾರ ಎಲ್ಲರ ಪಿಸ್ತೂಲೂ ಢಂ ಢಂ ಅಂದವು. ನನ್ನದು ಠುಸ್ ಅಂತು. ದೀಪಾವಳಿಯಲ್ಲಿ ನೆನೆದ ಪಟಾಕಿ ಅಂದ ಹಾಗೆ. ಫೋನಿನ ಭರದಲ್ಲಿ ಮದ್ದೇ ಹಾಕದೆ ಕೂರಿಸಿದ್ದ ಗುಂಡು, ಕೇಸಿನ ಬುಡದ ಕಿಡಿಯ ಬಲದಲ್ಲೇ ನಳಿಗೆಯ ಮಧ್ಯದವರೆಗೆ ಹೋಗಿ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ಪಿಸ್ತೂಲೇ ಸೀಳಿಹೋಗ್ತಿತ್ತು. ಹಿರಿಯರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ಅಷ್ಟೂ ಜನ ನೋಡ್ತಿದ್ದ ಹಾಗೆ ಅವರು ಆ ಗುಂಡನ್ನ ಬಿಡಿಸಿ ತೆಗೆದು, ನನ್ನ ಅಂಗೈಗೆ ಇಟ್ಟರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

"ಮನೆ ಅಡುಗೆ ಚೆನ್ನಾಗಿದೆ ಮೇಟ್," ಅಂದರು, "ಉಪ್ಪು ಹಾಕೋದು ಮರೆತಿದೀಯ ಅಷ್ಟೆ."

ನನ್ನ ಅಷ್ಟೂ ಗುಂಡನ್ನ ಅಲ್ಲೇ ಪಕ್ಕಕ್ಕಿಡಿಸಿ, ಆಮೇಲೆ ನಿಯಮ ಹೇಳಿಕೊಟ್ಟರು. ಬೆಂಚಿನಲ್ಲಿ ಕೂತಾಗ ಮಾತಿಲ್ಲ, ಫೋನಿಲ್ಲ, ತಿಂಡಿಯಿಲ್ಲ. ಆ ಕೆಲಸಕ್ಕೆ ಬೇರೆ ಬಟ್ಟೆ. ಸೀಸದ ಧೂಳಿರುತ್ತೆ, ಮುಗಿದ ಮೇಲೆ ಸ್ನಾನ ಮಾಡಿಯೇ ಅಡುಗೆಮನೆಗೆ ಕಾಲಿಡಬೇಕು. ನಾನು ತಲೆಯಾಡಿಸಿದೆ. ಮನೆಗೆ ಬಂದು ಹೆಂಡತಿಗೆ ನಡೆದದ್ದು ಹೇಳಿದೆ. ಹೇಳಬಾರದಿತ್ತು.

ಅವಳ ಗ್ರೈಂಡರ್ ಬಟ್ಟೆ ಒಗೆಯೋ ಲಾಂಡ್ರಿ ಕೋಣೆಯಲ್ಲಿ ವಾಷಿಂಗ್ ಮಷೀನಿನ ಪಕ್ಕ ನೆಲದ ಮೇಲೆ ಕೂತಿರುತ್ತೆ. ಇಡ್ಲಿ ಹಿಟ್ಟು ರುಬ್ಬೋದಕ್ಕೆ ಅವಳು ಪ್ರತಿ ಸಲ ಬಗ್ಗಬೇಕು. ನನ್ನ ಬೆಂಚು ಸೊಂಟದ ಎತ್ತರಕ್ಕಿದೆ, ಗಟ್ಟಿಯಾಗಿದೆ, ಪಕ್ಕದಲ್ಲೇ ಪ್ಲಗ್ಗೂ ಇದೆ. "ದಸರಾ ಒಳಗೆ ಒಂದು ಪದಕ ತನ್ನಿ," ಅಂದಳು. "ಯಾವ ಪದಕ ಆದರೂ ಸರಿ. ಇಲ್ಲದಿದ್ರೆ ಆ ಬೆಂಚಿನ ಮೇಲೆ ನನ್ನ ಗ್ರೈಂಡರ್ ಕೂರುತ್ತೆ."

ಗಣಿಯಲ್ಲಿ ನಾನು ಎಲ್ಲಿ ನಿಲ್ಲಬೇಕು, ಯಾವಾಗ ನೀರು ಕುಡೀಬೇಕು ಅನ್ನೋದಕ್ಕೂ ಬೋರ್ಡ್ ಹಾಕಿರ್ತಾರೆ. ಮನೆಯಲ್ಲಿ ಬೋರ್ಡ್ ಬೇಡ, ಹೆಂಡತಿ ಇದ್ದಾಳೆ. ಯಾರೂ ಏನೂ ಹೇಳದ ಜಾಗ ಅಂತ ಇದ್ದದ್ದು ಆ ಮೂಲೆ ಒಂದೇ. ಅದೂ ಹೋದರೆ ಈ ಮನೆಯಲ್ಲಿ ನನ್ನದು ಅಂತ ಉಳಿಯೋದು ಹಲ್ಲುಜ್ಜೋ ಬ್ರಷ್ ಮಾತ್ರ.

ಕೋಡುಬಳೆ ಡಬ್ಬ

ಷಡ್ಡಕನ ಗೃಹಪ್ರವೇಶಕ್ಕೆ ಬ್ರಿಸ್ಬೇನಿಗೆ ಹೊರಟೆವು. ಹೆಂಡತಿ ಕೋಡುಬಳೆ ಮಾಡಿ ದೊಡ್ಡ ಡಬ್ಬಕ್ಕೆ ತುಂಬಿದ್ದಳು. ಕೈಗೆ ಸಿಕ್ಕ ಚೀಲಕ್ಕೆ ನಾನು ಆ ಡಬ್ಬ ಹಾಕಿಕೊಂಡೆ. ಕೈಗೆ ಸಿಕ್ಕಿದ್ದು ನಾನು ಕ್ಲಬ್ಬಿಗೆ ಒಯ್ಯೋ ಚೀಲ.

ವಿಮಾನ ನಿಲ್ದಾಣದಲ್ಲಿ ಒಬ್ಬಳು ಅಧಿಕಾರಿಣಿ ನನ್ನನ್ನೇ ಆರಿಸಿ ಪಕ್ಕಕ್ಕೆ ಕರೆದಳು. ಒಂದು ಬಟ್ಟೆ ಪಟ್ಟಿಯಿಂದ ಚೀಲ ಒರೆಸಿ, ನನ್ನ ಕೈ ಒರೆಸಿ, ಪಟ್ಟಿಯನ್ನ ಯಂತ್ರಕ್ಕೆ ಇಟ್ಟಳು. ಯಂತ್ರ ಕೂಗಿಕೊಂಡಿತು. ಅವಳು ನಗೋದು ನಿಲ್ಲಿಸಿ, "ಸರ್, ಇತ್ತೀಚೆಗೆ ಸ್ಫೋಟಕ ಏನಾದರೂ ಮುಟ್ಟಿದೀರಾ?" ಅಂದಳು.

ಗಾಬರಿಯಲ್ಲಿ ನನಗೆ ಸತ್ಯ ಒಂದೇ ಸಲ ಪೂರ್ತಿ ಬಾಯಿಗೆ ಬಂತು. "ಯಾವುದರ ಬಗ್ಗೆ ಕೇಳ್ತಿದೀರಿ? ಗಣಿಯಲ್ಲಿ ಬಂಡೆ ಸಿಡಿಸ್ತೀವಿ. ಮನೆಯಲ್ಲಿ ಗುಂಡು ಕಟ್ತೀನಿ."

ಇನ್ನಿಬ್ಬರು ಬಂದರು. ಡಬ್ಬ ತೆಗೆಸಿದರು. ಕಂದು ಬಣ್ಣದ, ಉರುಟು, ಗಟ್ಟಿ ಬಳೆಗಳನ್ನ ಬೆಳಕಿಗೆ ಹಿಡಿದು ನೋಡಿದರು. ಒಬ್ಬ ಮೇಜಿನ ಮೇಲೆ ಕುಟ್ಟಿ ನೋಡಿದ, ಟಣ್ ಅಂತು. ಹೆಂಡತಿಗೆ ಅವಮಾನ ಆದದ್ದು ಅದಕ್ಕೆ, ನಾನು ಸಿಕ್ಕಿಬಿದ್ದದ್ದಕ್ಕಲ್ಲ. ಲೈಸೆನ್ಸ್ ತೋರಿಸಿ, ಕಂಪನಿ ಕಾರ್ಡ್ ತೋರಿಸಿ, ಎಲ್ಲಾ ಪುನಃ ಒರೆಸಿ ಆದ ಮೇಲೂ ಅಧಿಕಾರಿಣಿಗೆ ಪೂರ್ತಿ ಸಮಾಧಾನ ಇರಲಿಲ್ಲ. ಕೊನೆಗೆ ಹೆಂಡತಿಯೇ ಮುಂದೆ ಬಂದು ನನ್ನ ಪರವಾಗಿ ಮಾತಾಡಿದಳು.

"ನೀವು ಹೆದರ್ಕೋಬೇಡಿ," ಅಂದಳು. "ಇವರು ಹೊಡೆದದ್ದು ಇದುವರೆಗೆ ಯಾವುದಕ್ಕೂ ತಗುಲಿಲ್ಲ."

ಮಡಿ

ದಸರಾ ಹತ್ತಿರ ಬಂತು. ಮೈಸೂರಿನಿಂದ ಅತ್ತೆ ಬಂದರು. ಅತ್ತೆಗೆ ನನ್ನ ಬಗ್ಗೆ ಅಂಥ ಒಳ್ಳೇ ಅಭಿಪ್ರಾಯವೇನೂ ಇರಲಿಲ್ಲ. ಮದುವೆಯಾದಾಗಿನಿಂದ ನಾನು ಸ್ನಾನ ಮಾಡದೆ ಕಾಫಿ ಕುಡಿಯೋನು, ಮಡಿ ಮೈಲಿಗೆ ಗೊತ್ತಿಲ್ಲದೋನು.

ಬಂದ ಮರುದಿನ ನಾನು ಗ್ಯಾರೇಜಿಗೆ ಹೊರಟೆ. ಹಿರಿಯರ ನಿಯಮದ ಪ್ರಕಾರ ಬೇರೆ ಪಂಚೆ, ಬೇರೆ ಬನಿಯನ್. ಬಾಯಿಗೆ ಏನೂ ಹಾಕಿರಲಿಲ್ಲ. ಅತ್ತೆ ಮಾತಾಡಿಸಿದರೆ ಕೈಸನ್ನೆ ಮಾಡಿ ಹೋಗಿಬಿಟ್ಟೆ. ಒಂದು ಗಂಟೆ ಮೌನವಾಗಿ ಕೂತು, ಎದ್ದು ಬಂದು, ಯಾರನ್ನೂ ಮುಟ್ಟದೆ, ಗೋಡೆ ಸವರಿಕೊಂಡು ನೇರ ಬಚ್ಚಲಿಗೆ ಹೋಗಿ ತಲೆಗೆ ಸ್ನಾನ ಮಾಡಿದೆ.

ಹೊರಗೆ ಬಂದಾಗ ಅತ್ತೆ ಕಣ್ಣಲ್ಲಿ ನೀರು. "ಅಳಿಯಂದಿರು ಇಷ್ಟು ಬದಲಾಗಿದಾರೆ ಅಂತ ನೀನು ಒಂದು ಮಾತು ಫೋನಲ್ಲಿ ಹೇಳಲಿಲ್ಲವಲ್ಲೇ," ಅಂತ ಮಗಳನ್ನ ಗದರಿದರು.

ಹೆಂಡತಿ ಬಾಯಿ ತೆಗೆದಳು. ನಾನು ಕಣ್ಣಲ್ಲೇ ಬೇಡಿಕೊಂಡೆ. ಪುಣ್ಯಾತ್ಗಿತ್ತಿ ಸುಮ್ಮನಾದಳು. ಅಂದಿನಿಂದ ನಾನು ಬೆಂಚಿನಲ್ಲಿ ಕೂತರೆ ಗ್ಯಾರೇಜಿನ ಬಾಗಿಲಲ್ಲಿ ಅತ್ತೆಯದೇ ಕಾವಲು. ಒಂದು ದಿನ ನಮ್ಮ ಮಗಳು ಗೆಳತಿಯ ಜೊತೆ ಸೈಕಲ್ ತೆಗೆಯೋದಕ್ಕೆ ಬಂದರೆ, ಇಬ್ಬರನ್ನೂ ತಡೆದು, ಕಾಲು ತೊಳೆದುಕೊಂಡು ಬರೋದಕ್ಕೆ ಹೇಳಿದರಂತೆ.

ಮಗಳಿಗೆ ಕನ್ನಡ ಅರ್ಥ ಆಗುತ್ತೆ, ಉತ್ತರ ಇಂಗ್ಲಿಷಿನಲ್ಲಿ. "ಅಪ್ಪಾ, ದಿಸ್ ಈಸ್ ವೈ ಐ ಡೋಂಟ್ ಬ್ರಿಂಗ್ ಎನಿವನ್ ಹೋಮ್."

ಅರಮನೆ ಕಾಂಪೌಂಡು

ಪದಕಕ್ಕೆ ಉಳಿದದ್ದು ಒಂದೇ ಅವಕಾಶ. ನವರಾತ್ರಿಯ ಶನಿವಾರ ಅಡಿಲೇಡ್ ಕ್ಲಬ್ಬಿನವರು ನಮ್ಮಲ್ಲಿಗೆ ಪಂದ್ಯಕ್ಕೆ ಬರೋರಿದ್ದರು. ಅದಕ್ಕೆ ಅಂತಲೇ ನಾನು ಒಂದೇ ಅಳತೆಯ, ಒಂದು ಗೀರೂ ಇಲ್ಲದ ಖಾಲಿ ಕೇಸುಗಳನ್ನ ಆರಿಸಿ ಒಂದು ಬಕೆಟಿನಲ್ಲಿ ಹಾಕಿಟ್ಟು ಗಣಿಗೆ ಹೋದೆ. ಬಂದವನೇ ಮದ್ದು, ಗುಂಡು ಕೂರಿಸೋದು ಅಂತ ಲೆಕ್ಕ.

ಶುಕ್ರವಾರ ಬಂದು ನೋಡಿದರೆ ಬಕೆಟ್ ಖಾಲಿ.

ಹಾಲ್‌ನಲ್ಲಿ ಗೊಂಬೆ ಕೂರಿಸಿದ್ದರು. ಮೆಟ್ಟಿಲ ಮೇಲೆ ಪಟ್ಟದ ಗೊಂಬೆ ರಾಜ ರಾಣಿ, ಕೆಳಗೆ ರಟ್ಟಿನಲ್ಲಿ ಮಾಡಿದ ಮೈಸೂರು ಅರಮನೆ. ಅರಮನೆ ಸುತ್ತ ಸಾಲಾಗಿ, ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಫಳಫಳ ಅಂತಿದ್ದ ನನ್ನ ಅಷ್ಟೂ ಕೇಸು ನಿಂತಿದ್ದವು. ಒಂದೊಂದರಲ್ಲೂ ಒಂದೊಂದು ಸೇವಂತಿಗೆ ಹೂವು.

"ಅಷ್ಟು ಒಳ್ಳೇ ಹಿತ್ತಾಳೆ, ಕಿಲುಬು ಹಿಡಿದು ಬಕೆಟಿನಲ್ಲಿ ಬಿದ್ದಿತ್ತಲ್ಲ," ಅಂದರು ಅತ್ತೆ. "ಅರಮನೆಗೆ ಕಾಂಪೌಂಡ್ ಆಯ್ತು."

"ಅತ್ತೆ, ನಾಳೆ ಪಂದ್ಯಕ್ಕೆ ನನಗೆ ಅವು ಬೇಕಿತ್ತು."

ಅತ್ತೆ ನನ್ನನ್ನ ನೋಡಿದ ರೀತಿಯಲ್ಲಿ ನನ್ನ ಅಷ್ಟು ದಿನದ ಮಡಿಯೆಲ್ಲ ಕೊಚ್ಚಿಹೋಯಿತು. "ಕೂರಿಸಿದ ಗೊಂಬೆ ವಿಜಯದಶಮಿ ಆಗೋವರೆಗೂ ಕದಲಿಸೋ ಹಾಗಿಲ್ಲ. ನಿಮಗೆ ನಾನು ಹೇಳಿಕೊಡಬೇಕಾ?"

ಹೆಂಡತಿ ಲಾಂಡ್ರಿ ಕಡೆ ಹೋದಳು. ಗ್ರೈಂಡರ್ ಒರೆಸೋ ಸದ್ದು ಕೇಳಿಸಿತು.

ಪದಕ

ಶನಿವಾರ ಕ್ಲಬ್ಬಿನ ಕೌಂಟರಿನಲ್ಲಿ ಕಳ್ಳನ ಹಾಗೆ ಅಂಗಡಿ ಗುಂಡಿನ ಡಬ್ಬ ಕೊಂಡುಕೊಂಡೆ. ಹಿರಿಯರು ಕಂಡರೂ ಕಾಣದ ಹಾಗೆ ಮುಖ ತಿರುಗಿಸಿದರು. ನನ್ನ ಪಕ್ಕದಲ್ಲಿ ಅಡಿಲೇಡಿನ ಅಜ್ಜಿಯೊಬ್ಬರು ನಿಂತಿದ್ದರು. ಹೋದ ವರ್ಷ ಅವರು ಹೊಡೆಯೋದನ್ನ ನೋಡಿ ನನಗೆ ಕೈ ಮುಗಿಯಬೇಕು ಅನ್ನಿಸಿತ್ತು. ಇನ್ನೇನು, ಬೆಂಚಿನ ಋಣ ತೀರಿತು ಅಂದುಕೊಂಡು ನಾನು ಯಾವ ಆಸೆಯೂ ಇಲ್ಲದೆ ಪಿಸ್ತೂಲ್ ಎತ್ತಿದೆ.

ಢಂ ಅಂತು. ಕಪ್ಪು ವೃತ್ತದೊಳಗೆ ತೂತು. ನಾನು ಪಕ್ಕದ ಅಜ್ಜಿ ತಪ್ಪಿ ನನ್ನ ಕಾಗದಕ್ಕೆ ಹೊಡೆದರೇನೋ ಅಂತ ಅವರ ಕಡೆ ನೋಡಿದೆ. ಅವರು ಇನ್ನೂ ಕನ್ನಡಕ ಒರೆಸ್ತಿದ್ದರು. ಮತ್ತೆ ಢಂ, ಮತ್ತೆ ಒಳಗೆ. ಸಂಜೆ ಹೊತ್ತಿಗೆ ಅಜ್ಜಿಗೆ ಚಿನ್ನ, ನನಗೆ ಎಲ್ಲಕ್ಕಿಂತ ಕೆಳಗಿನ ದರ್ಜೆಯಲ್ಲಿ ಕಂಚು. ಹಿರಿಯರು ಕೊರಳಿಗೆ ಹಾಕ್ತಾ, "ಏನು ಬದಲಾಯಿಸಿದೆ ಮೇಟ್?" ಅಂದರು. ನನಗೆ ಉತ್ತರ ಗೊತ್ತಿತ್ತು. ಕಾರಿನಲ್ಲಿ ಮನೆಯವರೆಗೂ ಅದೊಂದು ಉತ್ತರವೇ ನನ್ನ ಪಕ್ಕದ ಸೀಟಿನಲ್ಲಿ ಕೂತು ಬಂತು. ಇಷ್ಟು ದಿನ ಪದಕ ಬಾರದೆ ಇದ್ದದ್ದು ನನ್ನ ಕೈಯಿಂದಲ್ಲ, ನನ್ನ ಮನೆ ಅಡುಗೆಯಿಂದ.

ಹೆಂಡತಿ ಪದಕ ನೋಡಿದಳು. ಒಂದು ಕ್ಷಣ ಅವಳ ಮುಖ ಅರಳಿದ್ದು ಕಂಡು ನನಗೆ ಚಿನ್ನವೇ ಬಂದಷ್ಟು ಖುಷಿಯಾಯಿತು. ಆಮೇಲೆ ಅವಳು ನಿಧಾನವಾಗಿ ಗೊಂಬೆಗಳ ಕಡೆ ತಿರುಗಿದಳು.

"ರೀ, ಅವೆಲ್ಲ ಇಲ್ಲೇ ನಿಂತಿದಾವೆ. ಹಾಗಾದ್ರೆ ನೀವು ಹೊಡೆದದ್ದು ಯಾವುದರಲ್ಲಿ?"

ನಾನು ಬೆಂಚಿನಲ್ಲಿ ಕೂತವನ ಹಾಗೆ ಮೌನ ಹಿಡಿದೆ. ಅವಳಿಗೆ ಅಷ್ಟೇ ಸಾಕಾಯಿತು. ಗೋಡೆ ಹಿಡಿದುಕೊಂಡು ನಗೋದಕ್ಕೆ ಶುರು ಮಾಡಿದವಳು ಸೋಫಾ ಮೇಲೆ ಕೂತು ನಕ್ಕಳು, ಎದ್ದು ನೀರು ಕುಡಿದು ಬಂದು ಮತ್ತೆ ನಕ್ಕಳು. ಕೊನೆಗೆ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು. "ಯಾವ ಪದಕ ಆದರೂ ಸರಿ ಅಂದಿದ್ದೆ, ಮಾತಿಗೆ ತಪ್ಪಲ್ಲ. ಬೆಂಚು ನಿಮ್ಮದೇ. ಎಷ್ಟು ಬೇಕೋ ಅಷ್ಟು ಮನೆ ಅಡುಗೆ ಮಾಡ್ಕೊಳ್ಳಿ. ಪಂದ್ಯದ ದಿನ ಮಾತ್ರ ಹೋಟೆಲ್‌ಗೆ ಹೋಗಿ."

ನನ್ನ ಮೂಲೆ ಉಳಿಯಿತು ಅಂತ ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅತ್ತೆ ನನ್ನ ಕೊರಳಿಂದ ಪದಕ ತೆಗೆದುಕೊಂಡು ಹೋಗಿ, ಕುಂಕುಮ ಹಚ್ಚಿ, ಪಟ್ಟದ ರಾಜನ ಕೊರಳಿಗೆ ಹಾಕಿ ಕೈ ಮುಗಿದರು. ಆಮೇಲೆ ತಮ್ಮ ಮಗಳನ್ನ ಹತ್ತಿರ ಕರೆದು, ನನಗೆ ಕೇಳಿಸಲ್ಲ ಅಂದುಕೊಂಡು ಹೇಳಿದರು:

"ಅವರು ಆ ಹಿತ್ತಾಳೆ ಮುಟ್ಟದೆ ಇದ್ದದ್ದಕ್ಕೆ ಕಂಚು ಬಂತು ಕಣೇ. ದಸರಾ ಆದ ಮೇಲೂ ಕೊಡಬೇಡ. ಮುಂದಿನ ವರ್ಷ ಚಿನ್ನ ಬರಲಿ."