ನಾನು ಆಫ್ರಿಕಕ್ಕೆ ಸೇರಿಸಿದ ನ್ಯೂಗಿನಿ

‘ಗೊತ್ತಿಲ್ಲ’ ಎಂಬ ಒಂದು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಸಲೀಸಾಗಿ ಹೇಳಬಲ್ಲ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ದುರದೃಷ್ಟಕ್ಕೆ ಅಂಥವನೊಬ್ಬನ ಜೊತೆ ಹುಟ್ಟಿನಿಂದ ಒಂದೇ ಅಂಗಿಯಲ್ಲಿ ವಾಸವಾಗಿದ್ದೇನೆ. ಊರಿನಲ್ಲಿ ಟೀಚರೊಬ್ಬರು ಹೆರಿಗೆ ರಜೆಗೆ ಹೋದಾಗ ಬದಲಿಯಾಗಿ ಒಂದಷ್ಟು ತಿಂಗಳು ಐದನೇ ಕ್ಲಾಸಿಗೆ ಭೂಗೋಳ ಹೇಳಿಕೊಟ್ಟಿದ್ದೆ. ಅಷ್ಟಕ್ಕೇ, ಕೆಲಸಕ್ಕೆಂದು ಕೊಲ್ಲಿಯ ದೋಹಾಕ್ಕೆ ಬಂದ ಮೇಲೆ ಅಲ್ಲಿದ್ದ ನಮ್ಮ ಕರಾವಳಿಯವರೆಲ್ಲ ನನ್ನನ್ನು ‘ಮಾಷ್ಟ್ರು’ ಮಾಡಿಬಿಟ್ಟರು. ಹಗಲಿಡೀ ಕಂಪೆನಿಯ ಸ್ಟೋರಿನಲ್ಲಿ ನಟ್ಟು ಬೋಲ್ಟುಗಳ ನಡುವೆ ಕೂತವನನ್ನು ಸಂಜೆ ಯಾರಾದರೂ ‘ಮಾಷ್ಟ್ರೇ’ ಎಂದು ಕರೆದರೆ ತಲೆ ನಿಂತಲ್ಲಿ ನಿಲ್ಲುತ್ತದೆಯೇ?

ತೊಂಬತ್ತರ ದಶಕದ ಮಾತು. ಒಂದು ಶುಕ್ರವಾರ ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಸಂಜೀವಣ್ಣ ಮತ್ತು ಅವರ ಹೆಂಡತಿ ಯಶೋದಕ್ಕ ಬಂದರು. ಸಂಜೀವಣ್ಣ ಜನರೇಟರ್ ಮೆಕ್ಯಾನಿಕ್. ಮೂಡುಬಿದಿರೆಯವರು, ಕೆಟ್ಟ ಯಂತ್ರದ ಸದ್ದು ಕೇಳಿಯೇ ರೋಗ ಹೇಳುವ ಮನುಷ್ಯ.

“ಮಾಷ್ಟ್ರೇ, ನನ್ನನ್ನು ನ್ಯೂಗಿನಿಗೆ ಹಾಕಿದ್ದಾರೆ ಮಾರಾಯ್ರೇ. ಗಣಿ ಕ್ಯಾಂಪಂತೆ, ಒಂದು ವರ್ಷ. ಅದು ಎಲ್ಲಿ ಉಂಟು?”

ನಾನು ಮಗಳ ಅಟ್ಲಾಸ್ ತರಿಸಿದೆ. ಗಿನಿ ಎಂಬುದು ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ ಕೂಡಲೇ ಸಿಕ್ಕಿತು. “ಇಲ್ಲಿ,” ಎಂದು ಬೆರಳಿಟ್ಟೆ.

“ಇದರಲ್ಲಿ ‘ನ್ಯೂ’ ಇಲ್ಲವಲ್ಲ?” ಎಂದರು ಯಶೋದಕ್ಕ.

“ದೆಹಲಿಯ ಪಕ್ಕದಲ್ಲಿ ನ್ಯೂ ಡೆಲ್ಲಿ ಇಲ್ಲವೇ? ಇದೂ ಹಾಗೇ, ಪಕ್ಕದಲ್ಲೆಲ್ಲೋ ಇರುತ್ತದೆ. ದೋಹಾಕ್ಕಿಂತ ಸೆಖೆ. ಕಾಟನ್ ಅಂಗಿ ನಾಲ್ಕು ಸಾಕು. ಸ್ವೆಟರು ಕಂಬಳಿ ಹೊತ್ತುಕೊಂಡು ಹೋದರೆ ನೋಡಿದವರು ನಗುತ್ತಾರೆ.”

ಸಂಜೀವಣ್ಣ ಟಿಕೆಟ್ ತೆಗೆದು ತೋರಿಸಿದರು. “ಇದರಲ್ಲಿ ಸಿಂಗಾಪುರದ ಮೇಲೆ ಅಂತ ಉಂಟಲ್ಲ?”

ಒಬ್ಬ ಸಾಧಾರಣ ಮೂರ್ಖ ಅಲ್ಲಿಗೆ ಸೋಲೊಪ್ಪುತ್ತಿದ್ದ. ನಾನು ಸಾಧಾರಣದವನಲ್ಲ. “ಅಗ್ಗದ ಟಿಕೆಟ್ಟು. ಸುತ್ತಿ ಬಳಸಿ ಒಯ್ಯುತ್ತಾರೆ,” ಎಂದೆ. ಪೂರ್ವಕ್ಕೆ ಹಾರುವ ಮನುಷ್ಯನನ್ನು ಪಶ್ಚಿಮಕ್ಕೆ ಕಳಿಸಿಕೊಟ್ಟ ತೃಪ್ತಿಯಲ್ಲಿ ಇನ್ನೊಂದು ಲೋಟ ಚಹಾ ಕುಡಿದೆ.

ಎರಡು ತಿಂಗಳ ಮೇಲೆ ಯಶೋದಕ್ಕ ತಮ್ಮ ಮನೆಯಿದ್ದ ಓಲ್ಡ್ ಏರ್‌ಪೋರ್ಟ್ ಬಡಾವಣೆಯಿಂದ ಟ್ಯಾಕ್ಸಿ ಮಾಡಿಕೊಂಡು ಒಬ್ಬರೇ ಬಂದರು. ಕೈಯಲ್ಲಿ ಗಂಡನ ಕಾಗದ. ಕೂತವರೇ ಗಟ್ಟಿಯಾಗಿ ಓದಿದರು: ‘ಇಲ್ಲಿ ಎಲ್ಲಿ ನೋಡಿದರೂ ಗುಡ್ಡ. ಗುಡ್ಡದ ಹಿಂದೆ ಇನ್ನೂ ದೊಡ್ಡ ಗುಡ್ಡ. ಮಧ್ಯಾಹ್ನವೇ ಮಂಜು ಮುಸುಕುತ್ತದೆ. ಎರಡು ಲುಂಗಿ ಉಟ್ಟು, ತಲೆಗೆ ಬನಿಯನ್ ಕಟ್ಟಿ ಮಲಗುತ್ತೇನೆ. ಎಂಟು ದಿನ ಜ್ವರ ಬಂದು ಎದ್ದಿದ್ದೇನೆ. ಪಕ್ಕದ ದೇಶ ಆಸ್ಟ್ರೇಲಿಯ ಅಂತೆ. ಮಾಷ್ಟ್ರಿಗೆ ನಮಸ್ಕಾರ ಹೇಳು.’

ಆ ಕೊನೆಯ ವಾಕ್ಯವನ್ನು ಅವರು ಸ್ವಲ್ಪ ನಿಧಾನವಾಗಿ ಓದಿದರು. “ಆಫ್ರಿಕದಲ್ಲಿ ಇಷ್ಟು ಚಳಿ ಉಂಟಾ ಮಾಷ್ಟ್ರೇ?”

ನನ್ನ ಹೆಂಡತಿ ಅಟ್ಲಾಸ್ ತಂದು, ಆಸ್ಟ್ರೇಲಿಯದ ಪುಟ ತೆರೆದು, ಅದರ ನೆತ್ತಿಯ ಮೇಲೆ ದೊಡ್ಡ ಹಕ್ಕಿಯಂತೆ ಕೂತಿದ್ದ ದ್ವೀಪವನ್ನು ತೋರಿಸಿದಳು. ಬೆನ್ನುದ್ದಕ್ಕೂ ಕಡುಕಂದು ಬಣ್ಣ, ಅಂದರೆ ಪರ್ವತ. ಅಡಗಿಕೊಳ್ಳುವಷ್ಟು ಸಣ್ಣ ದ್ವೀಪವೂ ಅಲ್ಲ. ಜಗತ್ತಿನಲ್ಲೇ ಎರಡನೆಯ ದೊಡ್ಡದು.

ಮಾರನೆಯ ದಿನವೇ ಆ ಕ್ಯಾಂಪಿಗೆ ಹೊರಟವರ ಕೈಯಲ್ಲಿ ಕಂಬಳಿ, ಸ್ವೆಟರು ಕಳಿಸುವ ಏರ್ಪಾಡು ಮಾಡಿದೆ. ಆಮೇಲೆ, ತಪ್ಪು ಬೇರೆಯವರದೆಂದು ಸಾಧಿಸಲು ಪುಸ್ತಕ ಹುಡುಕಿದೆ. ಸಿಕ್ಕಿತು! ಹಿಂದೆ ಯಾವನೋ ಸ್ಪೇನಿನ ನಾವಿಕ ಹಡಗಿನಲ್ಲಿ ಹಾದುಹೋಗುವಾಗ ಅಲ್ಲಿನ ಜನರನ್ನು ಕಂಡನಂತೆ; ಆಫ್ರಿಕದ ಗಿನಿಯವರ ಹಾಗೆ ಕಂಡರಂತೆ; ‘ಹೊಸ ಗಿನಿ’ ಎಂದು ಹೆಸರಿಟ್ಟನಂತೆ. ಕಾರ್ಕಳದಲ್ಲಿ ಬಸ್ಸಿನ ಕಿಟಕಿಯಿಂದ ನಾಲ್ಕು ಬಂಡೆ ನೋಡಿ ‘ಹೊಸ ಹಂಪಿ’ ಎಂದ ಹಾಗೆ! ಅವನಿಗಿಂತ ಮುಂಚೆ ಬಂದವರು ಪಾಪುವಾ ಎಂದಿದ್ದರು. ಅದಕ್ಕೆ ಗುಂಗುರು ಕೂದಲೆಂದು ಅರ್ಥವಂತೆ, ಅದೂ ಖಾತ್ರಿಯಿಲ್ಲ. ಈಗ ಪೂರ್ವಾರ್ಧ ಎರಡೂ ಹೆಸರನ್ನು ಕೂಡಿಸಿಕೊಂಡು ಪಾಪುವಾ ನ್ಯೂಗಿನಿಯಾಗಿದೆ, ಪಶ್ಚಿಮಾರ್ಧಕ್ಕೆ ಇಂಡೊನೇಷ್ಯದವರು ಆಗ ಇರಿಯನ್ ಜಯ ಎನ್ನುತ್ತಿದ್ದರು. ಬಂದವರೆಲ್ಲ ಹೆಸರಿಟ್ಟರು, ಅಲ್ಲಿಯೇ ಇದ್ದವರನ್ನು ಯಾರೂ ಕೇಳಿದಂತಿಲ್ಲ. ಇದನ್ನೆಲ್ಲ ಹೆಂಡತಿಗೆ ಆವೇಶದಿಂದ ವಿವರಿಸಿದೆ.

“ಅವನಾದರೂ ದ್ವೀಪದ ಹತ್ತಿರ ಹೋಗಿದ್ದ,” ಎಂದಳು ಅವಳು.

ವರ್ಷ ಮುಗಿಸಿ ಸಂಜೀವಣ್ಣ ಬಂದರು. ಬೈಗುಳಕ್ಕೆ ಸಿದ್ಧನಾಗಿ ಬಾಗಿಲು ತೆರೆದೆ. ಮನುಷ್ಯ ಕೆಂಪಗೆ, ದುಂಡಗೆ ಆಗಿದ್ದರು.

“ಎಂಥ ಊರು ಮಾಷ್ಟ್ರೇ! ಗುಡ್ಡದ ಇಳಿಜಾರಿಗೆಲ್ಲ ಗೆಣಸು ನೆಟ್ಟಿದ್ದಾರೆ. ಆಚೆ ಕಣಿವೆಗೆ ಹೋದರೆ ಭಾಷೆಯೇ ಬೇರೆ. ಇಡೀ ದ್ವೀಪಕ್ಕೆ ನಿಮ್ಮ ಮಾತಲ್ಲಿ ಎಂತ ಹೇಳ್ತೀರಿ ಅಂತ ಒಬ್ಬ ಅಜ್ಜನ ಹತ್ರ ಕೇಳಿದೆ. ‘ಇಡೀ ದ್ವೀಪ ನೋಡಿದವ ಯಾರು? ನಮ್ಮ ಗುಡ್ಡದ ಹೆಸರು ಬೇಕಾದರೆ ಹೇಳ್ತೇನೆ’ ಅಂದ. ನಾನು ಇನ್ನೂ ಎರಡು ವರ್ಷಕ್ಕೆ ಸೈನ್ ಮಾಡಿದ್ದೇನೆ.”

ಚಹಾ ಹೀರಿ ಮುಂದುವರಿಸಿದರು: “ಗುಡ್ಡ, ಚಳಿ ಅಂತ ಮೊದಲೇ ಗೊತ್ತಾಗಿದ್ದರೆ ನಾನು ಹೋಗ್ತಾನೇ ಇರಲಿಲ್ಲ. ನೀವು ಆಫ್ರಿಕ ಅಂದದ್ದೇ ಒಳ್ಳೇದಾಯ್ತು.”

ನಿಜ ಒಪ್ಪಿಕೊಳ್ಳಲು ಇದಕ್ಕಿಂತ ಸುಲಭದ ಗಳಿಗೆ ಸಿಗುವುದಿಲ್ಲ. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡೆ.

“ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ ಸಂಜೀವಣ್ಣ,” ಎಂದೆ, “ಅದಕ್ಕೇ ಹಾಗೆ ಹೇಳಿದ್ದು.”

ಅವಳು ಲೋಟಗಳನ್ನೆಲ್ಲ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನನ್ನದರಲ್ಲಿ ಇನ್ನೂ ಅರ್ಧ ಚಹಾ ಇತ್ತು.